ಉಂಡ ಮನೆಗೆ ಎರಡು ಬಗೆದ ಬೊಂಬೆ

ನನ್ನ ಮೊಮ್ಮಗಳು ಕಬಡ್ಡಿಯಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದಾಳೆ! ಮಧ್ಯಾಹ್ನ ಆಯ್ಕೆ ನಡೆದ ಬ್ರಹ್ಮಾವರದಿಂದ ಫೋನು ಬಂದಾಗ ನಾನು ಕೋಟೇಶ್ವರದ ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತಿದ್ದೆ. ಧಡಕ್ಕನೆ ಎದ್ದು ನಿಂತೆ. ಬಂಗುಡೆ ಆರಿಸುತ್ತಿದ್ದ ಗಿರಾಕಿ ಹೆದರಿ, "ಎಂತ ಆಯ್ತ್ ಮಾರಾಯ್ತಿ, ರೇಟ್ ಇಳೀತಾ?" ಎಂದು ಕೇಳಿದರು.

"ರೇಟ್ ಅಲ್ಲ ಹ್ವಾಯ್, ನಮ್ಮನಿ ಹೆಣ್ಣ್ ಗೆದ್ದ್ ಬಂತ್!" ಅಂದೆ. ಸಂತೋಷದಲ್ಲಿ ಅವರ ಚೀಲಕ್ಕೆ ಎರಡು ಮೀನು ಜಾಸ್ತಿಯೇ ಬಿತ್ತು. ಬೀಳಲಿ. ಇಂಥ ದಿನ ಮತ್ತೆ ಬರುತ್ತದಾ?

ಆದರೆ ಈ ಸಂತೋಷದ ಬೆನ್ನಿಗೆ ಒಂದು ಸಿಟ್ಟೂ ಇದೆ. ಅದು ಒಂದು ಬೊಂಬೆಯ ಮೇಲಿನ ಸಿಟ್ಟು. ನಗಬೇಡಿ, ಹೇಳುತ್ತೇನೆ.

ತೊಂಬತ್ತೇಳನೇ ಇಸವಿಯಲ್ಲಿ, ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ತಮ್ಮ ಊರಿಗೆ ಬಂದಾಗ ನನ್ನ ಮಗಳಿಗೆ ಒಂದು ಬೊಂಬೆ ತಂದ. ಹಳದಿ ಕೂದಲು, ಬಳೆಯೊಳಗೆ ತೂರುವಷ್ಟು ಸೊಂಟ, ಬೈದರೂ ಹೊಗಳಿದರೂ ಒಂದೇ ನಗು. ನಾವು ಅದನ್ನು ಬೊಂಬಾಯಿ ಹೆಣ್ಣು ಎಂದೇ ಕರೆದೆವು. ಅದರ ಪಾದ ಮಾತ್ರ ವಿಚಿತ್ರ. ಹಿಮ್ಮಡಿ ಸದಾ ಮೇಲೆ, ಬೆರಳ ತುದಿಯ ಮೇಲೆಯೇ ಕಾಲು. ಸಿಮೆಂಟಿನ ಮೇಲೆ ನಿಲ್ಲಿಸಿದರೆ ದೊಪ್ಪನೆ ಬೀಳುತ್ತಿತ್ತು. ಮಗಳು ಅದನ್ನು ಕಡಲ ದಂಡೆಗೆ ಒಯ್ದು ಮರಳಿನಲ್ಲಿ ಕಾಲಗಂಟಿನವರೆಗೆ ಹುಗಿದು ನಿಲ್ಲಿಸುತ್ತಿದ್ದಳು. ನನ್ನ ಹಳೆ ಸೀರೆಯ ತುಂಡನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ತಲೆಯ ಮೇಲೆ ಬುಟ್ಟಿಯೆಂದು ತೆಂಗಿನ ಗೆರಟೆಯ ಚೂರು ಇಟ್ಟು, "ಬಂಗ್ಡಿ ಬೇಕಾ, ಬಂಗ್ಡೀ" ಎಂದು ಅದರ ಪರವಾಗಿ ತಾನೇ ಕೂಗುತ್ತಿದ್ದಳು. ಆಮೇಲೆ ಮರಳಿನ ಅನ್ನ ಬಡಿಸಿ, "ಉಣ್ ಹೆಣೆ, ಬಿಸ್ಲಿಗ್ ಹೋಪುಕಿತ್ತ್" ಎನ್ನುವಳು. ಆಗ ಆ ಬೊಂಬೆಗೆ ಮಾತು ಬರುತ್ತಿರಲಿಲ್ಲ. ನಾವು ಬಾಯಿಗೆ ಹಾಕಿದ್ದೇ ಅದರ ಮಾತು. ಹಾಗಾಗಿ ಅದು ನಮ್ಮ ಮನೆಯದೇ ಹೆಣ್ಣಾಗಿತ್ತು.

ಮಗಳಿಗೆ ಮಗಳು ಹುಟ್ಟುವಷ್ಟರಲ್ಲಿ ಬೊಂಬೆಗೆ ಮಾತು ಬಂದಿತ್ತು. ಮೊದಲು ಟೀವಿಯ ಕಾರ್ಟೂನಿನಲ್ಲಿ, ಆಮೇಲೆ ಅಳಿಯನ ಮೊಬೈಲಿನಲ್ಲಿ. ಎಲ್ಲ ಇಂಗ್ಲಿಷು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದು ಎಲ್ಲಿ ತಿಳಿಯಬೇಕು? ಕಣ್ಣಿಗೆ ಕಂಡದ್ದು ಇಷ್ಟು: ಬೊಂಬೆ ಒಂದು ದಿನ ಡಾಕ್ಟರ ಬಿಳಿ ಕೋಟು ಹಾಕುತ್ತದೆ, ಇನ್ನೊಂದು ದಿನ ವಿಮಾನ ಬಿಡುತ್ತದೆ. ನನಗೆ ಎಷ್ಟು ಹೆಮ್ಮೆ ಅಂತೀರಿ! "ಕಾಣಿ, ನಮ್ಮ ಬೊಂಬಾಯಿ ಹೆಣ್ಣ್ ಡಾಕ್ಟ್ರ್ ಆಯ್ತ್" ಎಂದು ಕೇರಿಗೆಲ್ಲ ಸಾರಿದೆ. ಮೊಬೈಲು ನೋಡಿದ್ದಕ್ಕೆ ಮಗಳು ಹುಡುಗಿಯನ್ನು ಗದರಿದರೆ ನಾನೇ ಅಡ್ಡ ಹೋಗುತ್ತಿದ್ದೆ. "ಕಾಣ್ಲಿ ಬಿಡ್, ಡಾಕ್ಟ್ರಮ್ಮನ್ ಕಂಡ್ ಬುದ್ಧಿ ಕಲೀಲಿ."

ಎಂಟನೇ ಕ್ಲಾಸಿಗೆ ಬಂದಾಗ ಮೊಮ್ಮಗಳು ಕಬಡ್ಡಿಗೆ ಸೇರಿದಳು. ಕಾಲು ಹಿಡಿದಳೆಂದರೆ ಎದುರಿನವರು ಗೆರೆ ಮುಟ್ಟಿದ್ದೇ ಇಲ್ಲ. ಒಂಬತ್ತರಲ್ಲಿ ಜಿಲ್ಲಾ ತಂಡಕ್ಕೆ ಆರಿಸುತ್ತಾರೆ ಎಂದು ಸುದ್ದಿಯಾಯಿತು. ಆಗಲೇ ಅವಳು ಊಟ ಬಿಡತೊಡಗಿದಳು. ಮೊದಲು ರಾತ್ರಿಯ ಅನ್ನ, ಆಮೇಲೆ ಬೆಳಗಿನ ಗಂಜಿ. ಕೇಳಿದರೆ "ಹಸಿವಾತಿಲ್ಲೆ." ಒಂದು ಸಂಜೆ ಆಟದ ನಡುವೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟಳಂತೆ. ಶಾಲೆಯ ಪಿ.ಟಿ. ಟೀಚರ್ ಮನೆಗೇ ಬಂದು, "ಹೀಗೆ ಉಪವಾಸ ಮಾಡಿದರೆ ಆಯ್ಕೆಗೆ ಕರೆದುಕೊಂಡು ಹೋಗುವುದಿಲ್ಲ" ಎಂದು ಹೇಳಿ ಹೋದರು.

ನಾನು ಅವಳನ್ನು ಹಿತ್ತಿಲಿಗೆ ಕರೆದೆ. "ಎಂತಕೆ ಉಣ್ಣುದಿಲ್ಲೆ ನೀನ್?"

"ತೊಡಿ ದಪ್ಪ ಆಯ್ತ್ ಅಮ್ಮಮ್ಮ."

"ಕಬಡ್ಡಿಗೆ ತೊಡಿ ಬ್ಯಾಡ್ದಾ?"

"ನೀನೇ ದಿನಾ ಹೇಳ್ತಿ ಅಲ್ದಾ, ಚಂದ ಮಾಡಿ ಇರ್ಕ್ ಅಂದೇಳಿ? ಚಂದ ಆಯ್ಕ್ ಅಂದ್ರೆ ಹಾಂಗೆ ಉಂಬುಕಾಗ."

ನಮ್ಮ ಬಾಯಲ್ಲಿ 'ಚಂದ ಮಾಡಿ' ಎಂದರೆ ಸರಿಯಾಗಿ, ಮನಸ್ಸಿಟ್ಟು. ಚಂದ ಮಾಡಿ ಓದು, ಚಂದ ಮಾಡಿ ಉಣ್ಣು, ಮೀನನ್ನು ಚಂದ ಮಾಡಿ ತೊಳೆ. ಅದರಲ್ಲಿ ಮುಖ ಸೊಂಟ ಎಲ್ಲಿಂದ ಬಂತು? ನಾನು ಕೊಟ್ಟ ಮಾತಿನ ತಿರುಳು ತೆಗೆದು, ಬೇರೆ ಏನನ್ನೋ ತುಂಬಿ ಹುಡುಗಿಗೆ ಕೊಟ್ಟವರು ಯಾರು?

ಅವಳು ದಿನಾ ನೋಡುತ್ತಿದ್ದ ಮೊಬೈಲು ತರಿಸಿದೆ. ಬೊಂಬೆ ಬಿಳಿ ಕೋಟಿನಲ್ಲಿ, ಸ್ವಂತ ಅಕ್ಕನ ಹಾಗೆ ಎದುರಿಗೇ ಕೂತು ಮಾತಾಡುತ್ತಿತ್ತು. "ಒಂದೊಂದೇ ಮಾತ್ ಕನ್ನಡದಗ್ ಹೇಳ್" ಅಂದೆ.

"ಎದ್ದ್ ಕೂಡ್ಲೆ ಮುಖಕ್ಕೆ ಎಂತ ಹಚ್ಚುದ್ ಅಂದೇಳಿ ಹೇಳ್ತ್."

"ಈಗ?"

"ಕೋಟಿಗೆ ಯಾವ ಚಪ್ಪಲ್ ಹೊಂದತ್ತ್ ಅಂದೇಳಿ ಹುಡುಕ್ತ್."

"ರೋಗಿ ಎಲ್ಲಿತ್ತ್?"

"ಹೊರಗೆ ಕಾಯ್ತಾ ಇತ್ತ್."

"ಇದ್ ಉಂಬುದ್ ಯಾವಾಗ?"

"ಒಂದ್ ಬಟ್ಲ್ ಸೊಪ್ಪ್ ತಿಂತ್."

"ಸೊಪ್ಪ್ ತಿಂಬುಕೆ ಅದೆಂತ ಆಡಿನ ಮರಿಯಾ?"

ಹುಡುಗಿಗೆ ನಗು ಬಂತು, ತಡೆದುಕೊಂಡಳು. ಕೊನೆಗೆ ಯಾವುದೋ ಮಿಷಿನ್ ಕೆಟ್ಟಿತು. ಬೊಂಬೆ ಕೂದಲು ಹಾರಿಸಿ ನಕ್ಕಿತು. "ಮಿಷಿನ್ ಎಲ್ಲ ನಂಗ್ ಗೊತ್ತಾತಿಲ್ಲೆ ಅಂತ್. ಈಗ ಹುಡ್ಗ ಬಂದ್ ಸರಿ ಮಾಡ್ತ."

ಇಷ್ಟು ವರ್ಷ ನಾನು ಕೇರಿಗೆಲ್ಲ ಹೊಗಳಿದ್ದು ಇವಳನ್ನು! ಕೋಟು ಬದಲಾಯಿತು, ಕೆಲಸ ಬದಲಾಯಿತು, ಸೊಂಟ ಮಾತ್ರ ಬದಲಾಗಲಿಲ್ಲ. ಅವಳು ಹೇಳುತ್ತಿದ್ದುದರಲ್ಲಿ ಹೊಸತೂ ಏನಿರಲಿಲ್ಲ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಚಾ ಕುಡಿಯುತ್ತಾ ಹೇಳುತ್ತಿದ್ದುದೂ ಇದನ್ನೇ: ಬಣ್ಣ ಸ್ವಲ್ಪ ಕಮ್ಮಿಯಾಯಿತು, ಮೈ ಸ್ವಲ್ಪ ಜಾಸ್ತಿಯಾಯಿತು, ಮಾತು ಕಮ್ಮಿ ಇದ್ದರೆ ಒಳ್ಳೆಯದು, ನಗು ಉಂಟು, ಅಡ್ಡಿಲ್ಲ. ಅವರಾದರೆ ಚಾ ಕುಡಿದು ಎದ್ದು ಹೋಗುತ್ತಿದ್ದರು. ಇವಳು ಇಂಗ್ಲಿಷಿನಲ್ಲಿ ಹೇಳಿದಳು, ನಗುತ್ತಾ ಹೇಳಿದಳು, ಎದ್ದು ಹೋಗಲೇ ಇಲ್ಲ. ಹೆಂಗಸೆಂದರೆ ಇಷ್ಟೇ ಎಂದು ನಂಬಿದವರು ಯಾರೋ ಅವಳ ಬಾಯಿಗೆ ಮಾತು ಹಾಕಿದ್ದಾರೆ. ನನ್ನ ಮಗಳ ಕೈಯಿಂದ ಮರಳಿನ ಅನ್ನ ಉಂಡವಳು, ಅದೇ ಮಗಳ ಮಗಳಿಗೆ ಉಣ್ಣಬೇಡ ಎಂದಳು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದಲ್ಲದೆ ಇನ್ನೇನು?

ಶೋಕೇಸಿನಲ್ಲಿದ್ದ ಹಳೆಯ ಬೊಂಬೆಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದೆ. ದೊಪ್ಪನೆ ಬಿತ್ತು. "ನೀನ್ ಹೀಂಗೇ ನಿಲ್ಲ್ ಕಾಂಬೊ" ಅಂದೆ. ಮೊಮ್ಮಗಳು ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತಳು. ಒಂದು ಬೆರಳಲ್ಲಿ ಭುಜ ಮುಟ್ಟಿದೆ ಅಷ್ಟೇ, ತೂರಾಡಿ ತುಳಸಿಕಟ್ಟೆ ಹಿಡಿದುಕೊಂಡಳು.

"ಈಗ ನನ್ನ್ ದೂಡ್."

ತಲೆಯ ಮೇಲೆ ಬುಟ್ಟಿ ಹೊತ್ತಾಗ ನಿಲ್ಲುವ ಹಾಗೆ ಪಾದ ಅಗಲಿಸಿ ಊರಿ ನಿಂತೆ. ಅವಳು ಎರಡೂ ಕೈಯಲ್ಲಿ ದೂಡಿದಳು. ಹಲ್ಲು ಕಚ್ಚಿ ದೂಡಿದಳು. ನಾನು ಅಲುಗಲಿಲ್ಲ.

"ಉಂಡದ್ದ್ ಎಲ್ಲಿಗೆ ಹೋತ್ ಅಂದೇಳಿ ಗೊತ್ತಾಯ್ತಾ?"

"ನಿಂಗೆ ಎಂತ ಗೊತ್ತಿತ್ತ್! ಕ್ಲಾಸಿನ್ ಮಕ್ಳ್ ನಿನ್ನ್ ಕಂಡ್ ನಗಾಡ್ತ್ವಾ?" ಎಂದು ಅತ್ತು ಒಳಗೆ ಹೋದಳು. ಆ ದಿನವೂ ಉಣ್ಣಲಿಲ್ಲ, ಮರುದಿನವೂ ಇಲ್ಲ. ನಾನು ಸೋತೆ ಅಂದುಕೊಂಡೆ. ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಳದಲ್ಲಿ ಅವಳು ಪಾದ ಅಗಲಿಸಿ ಊರಿ ನಿಂತು, ಅವಳಪ್ಪನಿಗೆ "ದೂಡ್, ದೂಡ್" ಎನ್ನುತ್ತಿದ್ದಾಳೆ. ಅಳಿಯ ದೂಡಿದ, ಅವಳು ಹಿಂದಕ್ಕೆ ಜಾರಿದಳು. ಸೀದಾ ಅಡುಗೆಮನೆಗೆ ಬಂದು, "ಗಂಜಿ ಇತ್ತಾ?" ಎಂದಳು. ನಾನು ಬಟ್ಟಲು ತುಂಬ ಬಡಿಸಿದೆ.

ಇವತ್ತು ಸಂಜೆ ಎಲ್ಲರೂ ಒಟ್ಟಿಗೇ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಅಳಿಯ ಕಡಲಿನಿಂದ ಬೇಗ ಬಂದಿದ್ದ. ಮಗಳು ಶೋಕೇಸಿನ ಕಡೆ ಕೈ ತೋರಿಸಿ, "ಅದ್ಕೂ ಬಡ್ಸುದಾ ಅಬ್ಬಿ?" ಎಂದು ನನ್ನನ್ನು ಕೆಣಕಿದಳು.

"ಸೊಪ್ಪ್ ಕೊಯ್ದ್ ಹಾಕ್" ಅಂದೆ.

ಮೊಮ್ಮಗಳು ನಕ್ಕು ನೆತ್ತಿಗೆ ಹತ್ತಿಸಿಕೊಂಡಳು. ನೀರು ಕುಡಿದು ತಟ್ಟೆ ಮುಂದೆ ಮಾಡಿದಳು. "ಇನ್ನೊಂದ್ ಬಂಗ್ಡಿ ಹಾಕ್ ಅಮ್ಮಮ್ಮ. ಚಂದ ಮಾಡಿ ಹಾಕ್, ತಲಿ ಬದಿದ್."

ಹಾಕಿದೆ.