ಖಾಲಿ ಬಿಟ್ಟ ಕೊಪ್ಪಳದ ಗುಡ್ಡ

ಕೊಪ್ಪಳದ ಕೋಟೆಗುಡ್ಡವನ್ನು ನಾನು ಎಷ್ಟು ಸಲ ಗೆದ್ದಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಮೊಣಕಾಲು ಗಟ್ಟಿ ಇದ್ದಾಗ ಮೆಟ್ಟಿಲು ಹತ್ತಿ ಗೆದ್ದದ್ದು ಬೇರೆ. ಈಗ ಕುರ್ಚಿಯಲ್ಲಿ ಕುಳಿತು, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಕಂಪ್ಯೂಟರಿನೊಳಗೆ ಗೆಲ್ಲುತ್ತೇನೆ. ಕಿಟಕಿಯಲ್ಲಿ ನಿಜವಾದ ಗುಡ್ಡ, ಪರದೆಯ ಮೇಲೆ ಆಟದ ಗುಡ್ಡ. ಎರಡೂ ನನ್ನವೇ. ನಿಜವಾದದ್ದರ ಮೇಲೆ ನನಗಿರುವ ಹಕ್ಕನ್ನು ಊರಿನವರು ಇನ್ನೂ ಒಪ್ಪಿಲ್ಲ, ಅಷ್ಟೇ.

ನಾನು ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ಊರುಗಳ ನಡುವಿನ ರಸ್ತೆಯ ಮೇಲೆಯೇ ನನ್ನ ಕೂದಲು ನೆರೆಯಿತು. ಮದುವೆ ಎಂಬ ಸ್ಟಾಪಿನಲ್ಲಿ ನನ್ನ ಗಾಡಿ ನಿಲ್ಲಲಿಲ್ಲ. ಕೈ ಮಾಡಿದವರೂ ಕಡಿಮೆ ಅನ್ನಿ. ನನ್ನ ಗಾಡಿಗೆ ಕಂಡಕ್ಟರ್ ಆಗಿದ್ದವನು ಗಂಗಾವತಿಯ ಒಬ್ಬ ಮುಸಲ್ಮಾನ ಗೆಳೆಯ. ನಾನು ಅವನನ್ನು ದೋಸ್ತ ಎನ್ನುತ್ತೇನೆ. ಅವನು ನನ್ನನ್ನು ಉಸ್ತಾದ ಎನ್ನುತ್ತಾನೆ. ಅದರಲ್ಲಿ ಗೌರವ ಹುಡುಕಬೇಡಿ, ಶುದ್ಧ ಗೇಲಿ.

ನಮ್ಮಿಬ್ಬರ ಕಿತಾಪತಿಗಳಲ್ಲಿ ಒಂದನ್ನು ಹೇಳಿದರೆ ಸಾಕು. ಕುಷ್ಟಗಿ ಕಡೆಯ ನೆಲ ರೊಟ್ಟಿಯ ಹಾಗೆ ಸಪಾಟು. ಅಲ್ಲಿ ಹೋಗುವಾಗ ನಾನು ಗಾಡಿಯ ವೇಗ ಇಳಿಸಿ, ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ. ಹಿಂದಿನಿಂದ ಅವನು ಮುಖದ ಗೆರೆ ಅಲ್ಲಾಡಿಸದೆ ಕೂಗುತ್ತಿದ್ದ:

"ಘಾಟ್ ಬಂತ್ರೀ, ಗಟ್ಟಿ ಹಿಡ್ಕೋರಿ. ಕೂಸು ಇದ್ದೋರು ಕೂಸಿನ್ನ ಹಿಡ್ಕೋರಿ, ಕೋಳಿ ಇದ್ದೋರು ಕೋಳಿ ಹಿಡ್ಕೋರಿ."

ಹೊಸಬರೆಲ್ಲ ಕಂಬಿಗೆ ಜೋತುಬೀಳುತ್ತಿದ್ದರು. ದಿನಾ ಬರುವವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಆಚೆ ಈಚೆ ಜೋಳದ ಹೊಲ, ನಡುವೆ ಒಂದೊಂದು ದಾಳಿಂಬೆ ತೋಟ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಘಾಟ್ ಮುಗೀತ್ರೀ, ಕೈ ಬಿಡ್ರಿ" ಎಂದು ಹೇಳಿ ಟಿಕೆಟ್ ಹರಿಯುತ್ತಿದ್ದ.

ಗಾಡಿಯೊಳಗೆ ನಾನು ರಾಜನಾದರೂ ಒಂದು ಮಾತಿನಲ್ಲಿ ಅವನ ಅಧೀನ. ಕಂಡಕ್ಟರ್ "ಹೋಲ್ಡಾನ್" ಅಂದರೆ ಡ್ರೈವರ್ ನಿಲ್ಲಿಸಬೇಕು. ಅವನು "ರೈಟ್" ಅನ್ನುವತನಕ ಕದಲಬಾರದು. ಮುಂದೆ ರಸ್ತೆ ಖಾಲಿ ಇರಲಿ, ಹಿಂದೆ ಲಾರಿಯವನು ಬೈಯುತ್ತಿರಲಿ, ಕದಲಬಾರದು. ಬಾಗಿಲಲ್ಲಿ ಯಾವ ಮುದುಕಿಯ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇದೆಯೋ ಡ್ರೈವರನಿಗೆ ಕಾಣುವುದಿಲ್ಲ.

ನಿವೃತ್ತಿಯಾದ ಮೇಲೆ ಆದದ್ದು ಇಷ್ಟು: ಬೆಳಿಗ್ಗೆ ಎದ್ದರೆ ನನಗೆ ಯಾರೂ ರೈಟ್ ಅನ್ನುವವರಿಲ್ಲ. ಹೋಟೆಲಿಗೆ ಹೋಗಿ ಕುಳಿತೆ, ನನ್ನ ಕಥೆಗಳು ಎರಡನೇ ಸುತ್ತಿಗೆ ಬಂದಾಗ ಜನ ಎದ್ದು ಹೋಗತೊಡಗಿದರು. ಆಗ ನನ್ನ ಕೋಣೆಯ ಕೆಳಗೆ ಒಂದು ನೆಟ್ ಅಂಗಡಿ ಇತ್ತು. ಸುಮ್ಮನೆ ಕುಳಿತುಕೊಳ್ಳಲು ಫ್ಯಾನಿನ ಗಾಳಿ ಚೆನ್ನಾಗಿತ್ತು. ಅಲ್ಲಿ ಈ ಆಟ ಸಿಕ್ಕಿತು. ಅಂಗಡಿ ಮುಚ್ಚುವಾಗ ಮಾಲೀಕ ಒಂದು ಕಂಪ್ಯೂಟರನ್ನು ಆಟದ ಸಮೇತ ನನ್ನ ಕೋಣೆಗೆ ಹೊರಿಸಿಬಿಟ್ಟ.

ಆಟ ಎಂದರೆ ಇಡೀ ಭೂಮಿಯ ನಕಾಶೆ. ಹಳೆಯ ಕಾಲದ ರಾಜ್ಯಗಳು. ಒಂದು ರಾಜ್ಯ ಹಿಡಿದು ದಂಡು ಕಟ್ಟಬೇಕು, ಕಂದಾಯ ಎತ್ತಬೇಕು, ಮದುವೆ ಸಂಬಂಧ ಕುದುರಿಸಬೇಕು, ಯುದ್ಧ ಮಾಡಬೇಕು. ದಿನ, ತಿಂಗಳು, ವರ್ಷ ಪರದೆಯ ಮೂಲೆಯಲ್ಲಿ ಓಡುತ್ತಿರುತ್ತವೆ. ಬೇಕಾದಾಗ ಕಾಲವನ್ನೇ ನಿಲ್ಲಿಸಬಹುದು. ನಾನು ದೋಸ್ತನಿಗೂ ಇದರ ಹುಚ್ಚು ಹಚ್ಚಿದೆ. ಅವನು ಗಂಗಾವತಿಯಲ್ಲಿ ತನ್ನ ಮನೆಯಲ್ಲಿ, ನಾನು ಕೊಪ್ಪಳದಲ್ಲಿ, ಮಧ್ಯಾಹ್ನದ ಬಿಸಿಲಿಗೆ ಊರೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಯುದ್ಧ ಶುರು. ಅವನ ಮನೆಗೆ ರಾಯರ ಹಳೆಯ ರಾಜಧಾನಿ ಆನೆಗೊಂದಿ ಹತ್ತಿರವಾದ್ದರಿಂದ ಅವನು ಹಂಪಿಯ ರಾಯ. ಉಳಿದ ಬೀದರಿನ ಸುಲ್ತಾನಗಿರಿ ನನಗೆ ಬಂತು. ನಮ್ಮ ಆಟದಲ್ಲೂ ಕಾಲ ನಿಲ್ಲಿಸುವ ಅಧಿಕಾರ ಅವನದೇ. ಫೋನಿನಲ್ಲಿ ಹೋಲ್ಡಾನ್ ಅನ್ನುತ್ತಾನೆ, ಮತ್ತೆ ರೈಟ್ ಅನ್ನುತ್ತಾನೆ. ಹಳೆಯ ಚಟ.

ಈ ಆಟದಲ್ಲಿ ಗೆಲ್ಲುವುದು ರಾಜನಲ್ಲ, ನೆಲ. ಗುಡ್ಡದ ಮೇಲೆ ನಿಂತ ಸಣ್ಣ ದಂಡು ಬಯಲಿನಿಂದ ಬಂದ ದೊಡ್ಡ ದಂಡನ್ನು ಹಣ್ಣು ಮಾಡುತ್ತದೆ. ಹೊಳೆ ದಾಟಿ ಹೊಡೆಯಲು ಹೋದವನು ದಾಟುವಾಗಲೇ ಅರ್ಧ ಸೋತಿರುತ್ತಾನೆ. ಒಣ ಸೀಮೆಯಲ್ಲಿ ದೊಡ್ಡ ದಂಡು ಬಹಳ ದಿನ ನಿಂತರೆ ಯಾರೂ ಹೊಡೆಯುವುದೇ ಬೇಡ, ಹಸಿವೆಯೇ ಹೊಡೆಯುತ್ತದೆ. ಕುಷ್ಟಗಿ, ಯಲಬುರ್ಗಾ ಎಲ್ಲ ಸೇರಿ ಆಟದಲ್ಲಿ ಒಂದೇ ಹಳದಿ ತುಂಡು. ನಾನು ಬ್ರೇಕಿನ ಮೇಲೆ ಕಾಲಿಟ್ಟು ಕಲಿತ ಯಲಬುರ್ಗಾ ಕಡೆಯ ಇಳಿಜಾರು, ಬೇವೂರಿನ ಹತ್ತಿರ ಮಳೆ ಬಂದರೆ ಉಕ್ಕುವ ಹಳ್ಳ, ಯಾವುದೂ ಅದರಲ್ಲಿಲ್ಲ. ಆದರೂ ಹಳದಿ ಎಂದರೆ ಹಸಿವೆ ಎಂಬಷ್ಟು ಬುದ್ಧಿ ಆ ನಕಾಶೆಗೆ ಇದೆ.

ಮೊದಲ ಯುದ್ಧದಲ್ಲೇ ನನ್ನ ದೋಸ್ತ ಗಂಗಾವತಿಯವನು ಮಾತ್ರ ಮಾಡಬಹುದಾದ ತಪ್ಪು ಮಾಡಿದ. ಇಡೀ ದಂಡನ್ನು ತಂದು ತನ್ನೂರಲ್ಲಿ ಬೀಡು ಬಿಡಿಸಿದ. ಭತ್ತದ ಸೀಮೆ, ಎಷ್ಟು ಮಂದಿ ಉಂಡರೂ ಸವೆಯದು ಎಂದುಕೊಂಡ. ನಾನು ಕೊಪ್ಪಳದ ಗುಡ್ಡದ ಮೇಲೆ ಕಾಲು ಮೇಲೆ ಕಾಲು ಹಾಕಿ ಕುಳಿತೆ. ಅವನ ದಂಡು ತಿಂಗಳು ತಿಂಗಳಿಗೂ ಕರಗಿತು. ಫೋನ್ ಮಾಡಿ ರೇಗಿದ.

"ಏನಲೇ ಉಸ್ತಾದ, ಏನು ಮಸಲತ್ತು ಮಾಡೀದಿ? ಗಂಗಾವತ್ಯಾಗ ನನ್ನ ಮಂದಿ ಉಪಾಸ ಸಾಯಾಕತ್ತಾರ."

"ನಕಾಶಿ ನೋಡ್ಲೇ. ನಿಮ್ಮೂರು ಯಾವ ಬಣ್ಣ ಐತಿ?"

"ಹಳದಿ ಐತಿ. ಯಾವ ಹುಚ್ಚ ಬಳದಾನ ಇದನ್ನ?"

"ಡ್ಯಾಮ್ ಇನ್ನೂ ಕಟ್ಟಿಲ್ಲೋ ದೋಸ್ತ. ನಿನ್ನ ಕಾಲುವಿ ಬರೂದು ಇನ್ನೂ ಭಾಳ ತಡ ಐತಿ. ಅಲ್ಲೀತನಕ ನಿನ್ನ ದಂಡಿಗೆ ಗಾಳಿ ತಿನ್ನಂತ ಹೇಳು."

ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು. ಆ ದಿನವೇ ಅವನು ಒಂದು ಕಾಯಿದೆ ಮಾಡಿದ. ಸೋತವನು ಗೆದ್ದವನ ಊರಿಗೆ ಬಸ್ಸಿನಲ್ಲಿ ಬರಬೇಕು, ತನ್ನ ನೆಲದ ಬೆಳೆಯನ್ನು ಕಪ್ಪವಾಗಿ ತರಬೇಕು. ಅವನು ಸೋತರೆ ಅಕ್ಕಿ. ನಾನು ಸೋತರೆ ಒಣಗಿದ ಕಟಕ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ನಮ್ಮ ಮಾತಿನಲ್ಲಿ ಹಿಂಡಿ. ಹೊಗಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಅಂಗಡಿಯಲ್ಲಿ ಅಕ್ಕಿ ಕೊಂಡದ್ದೇ ನೆನಪಿಲ್ಲ. ಅವನು ಚೀಲ ಹೊತ್ತು ಬರುತ್ತಿದ್ದ. ಬಾಗಿಲಲ್ಲಿ ನಿಂತು, "ಸುಲ್ತಾನರಿಗೆ ಸಲಾಂ, ಸೋನಾ ಮಸೂರಿ ತಂದೀನಿ" ಎನ್ನುತ್ತಿದ್ದ. ಅನ್ನ ಮಾಡಿ ಉಣ್ಣುತ್ತಿದ್ದೆವು, ಮಿರ್ಚಿ ಬಜಿ ತರಿಸುತ್ತಿದ್ದೆವು, ಎಲ್ಲಿ ಸೋತೆ ಎಂದು ನಾನು ಅವನಿಗೆ ಪಾಠ ಹೇಳುತ್ತಿದ್ದೆ. ಸಂಜೆಯ ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಮರುದಿನವೇ ಹೊಸ ಯುದ್ಧ ಸಾರುತ್ತಿದ್ದೆ.

ಆಮೇಲೆ ಅವನು ಬಚ್ಚಲಲ್ಲಿ ಜಾರಿ ಬಿದ್ದ. ತೊಡೆಯ ಎಲುಬು ಮುರಿಯಿತು. ಆಪರೇಶನ್ ಆಯಿತು, ಆದರೆ ಬಸ್ಸಿನ ಮೆಟ್ಟಿಲು ಹತ್ತುವ ಮಾತು ದೂರ ಹೋಯಿತು. ನಾನು ಹೊರಡುತ್ತೇನೆ ಎಂದು ಫೋನ್ ಮಾಡಿದರೆ ಅವನು ಕಿಡಿಕಿಡಿಯಾದ.

"ಬಂದು ಏನ್ ಮಾಡ್ತಿ?"

"ನಿನ್ನ ನೋಡಾಕ ಬರ್ತೀನಿ."

"ನೋಡಾಕ ಬರೂದು ಬ್ಯಾಡ. ಮಂದಿ ಎಲ್ಲಾ ಬ್ರೆಡ್ಡು, ಬಾಳಿಹಣ್ಣು ಹಿಡ್ಕೊಂಡು ಬರ್ತಾರ, ಖಾಟಿನ ಬಾಜೂ ಕುಂತು ಚ್ ಚ್ ಅಂತಾರ. ನೀನೂ ಹಂಗ ಬಂದಿ ಅಂದ್ರ ಬಾಗಲಾ ತಗಿಯಂಗಿಲ್ಲ. ಬರಬೇಕಂದ್ರ ಸೋತು ಬಾ."

ಹಟಮಾರಿ. ಹೇಳಿದರೆ ಹೇಳಿದ್ದೇ. ಹೀಗಾಗಿ ಗೆಳೆಯನ ಮುಖ ನೋಡಬೇಕಾದರೆ ನನಗೆ ಉಳಿದದ್ದು ಒಂದೇ ದಾರಿ, ಸೋಲುವುದು. ಅದೂ ಅವನಿಗೆ ಸಂಶಯ ಬರದ ಹಾಗೆ. ಟಿಕೆಟ್ ಇಲ್ಲದವನ ವಾಸನೆಯನ್ನು ಮುಂದಿನ ಬಾಗಿಲಿನಿಂದಲೇ ಹಿಡಿಯುತ್ತಿದ್ದ ಮನುಷ್ಯ ಅವನು. ಸುಮ್ಮನೆ ಕೈ ಚೆಲ್ಲಿದರೆ ಗೊತ್ತಾಗುತ್ತದೆ. ತಪ್ಪು ನನ್ನದಾಗಿ ಕಾಣಬಾರದು, ನೆಲದ್ದಾಗಿ ಕಾಣಬೇಕು.

ಹೊಸ ಯುದ್ಧ ಸಾರಿ, ಮೊದಲು ಹೊಳೆಯನ್ನು ನಂಬಿದೆ. ಗುಡ್ಡದಿಂದ ದಂಡು ಇಳಿಸಿ, ತುಂಗಭದ್ರೆ ದಾಟಿ, ಹಂಪಿಯ ಬಂಡೆಗಳ ನಡುವೆ ಅವನು ಕುಳಿತಿದ್ದಲ್ಲಿಗೇ ನುಗ್ಗಿದೆ. ಹೊಳೆಯ ಪೆಟ್ಟು, ಬಂಡೆಯ ಪೆಟ್ಟು, ಎರಡೂ ನನಗೇ. ತಲೆ ಇದ್ದ ಯಾವ ಸುಲ್ತಾನನೂ ಮಾಡದ ಕೆಲಸ. ಪರದೆಯ ಮೇಲೆ ಕತ್ತಿಗಳು ಬಡಿದಾಡಿದವು. ನಾನು ಮನಸ್ಸಿನಲ್ಲೇ ರೊಟ್ಟಿ ಕಟ್ಟಿಕೊಳ್ಳತೊಡಗಿದ್ದೆ.

ಗೆದ್ದುಬಿಟ್ಟೆ.

ನಂಬಲಾಗದೆ ಅವನ ರಾಜ್ಯವನ್ನು ತಿರುಗಿಸಿ ನೋಡಿದೆ. ಅವನ ದಂಡು ಮುರುಕಲು ಮುರುಕಲಾಗಿ ಅಲ್ಲೊಂದು ಇಲ್ಲೊಂದು ನಿಂತಿತ್ತು. ಸತ್ತವರ ಜಾಗಕ್ಕೆ ಹೊಸಬರನ್ನು ಸೇರಿಸಿರಲಿಲ್ಲ. ಬಂಡೆಗಳ ನಡುವೆ ಇದ್ದದ್ದು ಹೆಸರಿಗೊಂದು ತುಕಡಿ. ಹೊಳೆಯ ದಂಡೆಯನ್ನು ಎಂದೂ ಖಾಲಿ ಬಿಡದವನು ಈ ಸಲ ಕಾವಲೇ ಇಟ್ಟಿರಲಿಲ್ಲ. ಅವನು ಆಡುತ್ತಲೇ ಇರಲಿಲ್ಲ. ಕಂಪ್ಯೂಟರ್ ಹಚ್ಚಿ, ಫೋನಿನಲ್ಲಿ ರೈಟ್ ಅಂದು, ಮಲಗಿಕೊಂಡು ನಾನು ಮಾಡುವ ಗದ್ದಲ ಕೇಳುತ್ತಿದ್ದ. ಆ ಗೆಲುವಿನಷ್ಟು ಕೆಟ್ಟ ಗೆಲುವು ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ. ಅಡುಗೆಮನೆಗೆ ಹೋಗಿ ಅಕ್ಕಿಯ ಡಬ್ಬಿ ತೆರೆದು ನೋಡಿದೆ. ತಳದಲ್ಲಿ ನುಚ್ಚು ಉಳಿದಿತ್ತು. ಅದನ್ನು ಬೇಯಿಸಲು ಮನಸ್ಸಾಗದೆ ಮುಚ್ಚಿಟ್ಟೆ.

ಗೆದ್ದದ್ದು ಒಂದು ಕಾಳಗ ಮಾತ್ರ, ಯುದ್ಧ ಮುಗಿದಿರಲಿಲ್ಲ. ಸೋಲಲು ಇನ್ನು ಉಳಿದದ್ದು ಹಸಿವೆ. ಇಡೀ ದಂಡನ್ನು ಹೊಳೆಯಿಂದ ಹಿಂದಕ್ಕೆ ಕರೆಸಿದೆ. ಕೊಪ್ಪಳದ ಗುಡ್ಡದಲ್ಲಿ ಒಬ್ಬ ಕಾವಲುಗಾರನನ್ನೂ ಬಿಡದೆ ಎಲ್ಲರನ್ನೂ ಕುಷ್ಟಗಿಯ ಹಳದಿ ಬಯಲಿನಲ್ಲಿ ನಿಲ್ಲಿಸಿದೆ. ಅವರು ಅಲ್ಲಿ ಸೊರಗಲಿ. ದೋಸ್ತ ಒಂದು ಬಡಕಲು ತುಕಡಿ ಕಳಿಸಿದರೂ ಗುಡ್ಡ ಅವನದಾಗುತ್ತದೆ. ತಿಂಗಳುಗಳು ಓಡಿದವು. ದಂಡು ಕರಗಿತು. ಅವನ ಕಡೆಯಿಂದ ಯಾರೂ ಬರಲಿಲ್ಲ. ಕೊನೆಗೆ ಫೋನಿನಲ್ಲಿ ಆ ಒರಟು ಧ್ವನಿ ಬಂತು:

"ಹೋಲ್ಡಾನ್."

ಕಾಲ ನಿಂತಿತು. ಅವನ ಮನೆಯ ಫ್ಯಾನು ತಿರುಗುವುದು ನನಗೆ ಕೇಳಿಸುತ್ತಿತ್ತು.

"ಕೊಪ್ಪಳದ ಗುಡ್ಡ ಯಾಕ ಖಾಲಿ ಐತಿ?"

"ದಂಡು ಕುಷ್ಟಗಿಗೆ ಹೋಗೈತಿ."

"ಯಾಕ ಹೋಗೈತಿ?"

"ದಾಳಿಂಬ್ರಿ ತಿನ್ನಾಕ."

"ಉಸ್ತಾದ, ನಾ ಬಿದ್ದದ್ದು ತೊಡಿಮ್ಯಾಗ, ತಲಿಮ್ಯಾಗಲ್ಲ. ಗುಡ್ಡ ನೀ ಇಷ್ಟು ವರ್ಷದಾಗ ಒಂದ್ ಸಲನೂ ಖಾಲಿ ಬಿಟ್ಟಾಂವಲ್ಲ. ಸೋಲಾಕತ್ತೀಯೇನು?"

"ನಾ ಯಾಕ ಸೋಲ್ಲೋ? ನನಗೇನ್ ರೋಗ?"

"ನನ್ನ ಮನಿಗೆ ಬರಾಕ ಅಷ್ಟು ಮಂದಿನ್ನ ಉಪಾಸ ಕೆಡವೀದಿ. ಅವರ ಹೆಂಡ್ರು ಮಕ್ಕಳಿಗೆ ಏನ್ ಹೇಳ್ತಿ?"

ನಾನು ನಕ್ಕೆ. ಅವನು ನಗಲಿಲ್ಲ.

"ಖಾಲಿ ಕಿಲ್ಲಾ ನಾ ತಗೊಳ್ಳಂಗಿಲ್ಲ. ಭಿಕ್ಷಾ ಬ್ಯಾಡ ನನಗ" ಎಂದು ಫೋನ್ ಇಟ್ಟ.

ಆಟ ಹಾಗೆಯೇ ನಿಂತುಬಿಟ್ಟಿತು. ಎರಡು ದಿನ ನಾನು ಆ ನಿಂತ ನಕಾಶೆಯನ್ನು ನೋಡುತ್ತ ಕುಳಿತೆ. ಕಿಟಕಿಯ ಗುಡ್ಡವೂ ಖಾಲಿ, ಪರದೆಯ ಗುಡ್ಡವೂ ಖಾಲಿ. ಗೆಲ್ಲಲು ಅವನಿಗೆ ಆಗದು, ಸೋಲಲು ನನ್ನನ್ನು ಬಿಡನು. ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಮಾರುವ ಅಕ್ಕನ ಹತ್ತಿರ ಒಂದು ಕಟ್ಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಗಂಗಾವತಿಯ ಬಸ್ಸು ಹತ್ತಿದೆ. ಬ್ರೆಡ್ಡೂ ಬಾಳೆಹಣ್ಣೂ ಒಯ್ಯಲಿಲ್ಲ. ಡ್ರೈವರ್ ನನ್ನನ್ನು ಗುರುತಿಸಲಿಲ್ಲ. ಗೇರು ಹಾಕುವುದು ಅವನಿಗೆ ಇನ್ನೂ ಬರುವುದಿಲ್ಲ.

ಬಾಗಿಲು ತೆರೆದದ್ದು ಅವನ ಹೆಂಡತಿ. "ಬರ್ರಿ ಅಣ್ಣಾರ" ಎಂದು ದಾರಿ ಬಿಟ್ಟು, ನನ್ನ ಕೈಚೀಲದ ಕಡೆ ನೋಡಿ, "ಬಾಳಿಹಣ್ಣ ಅಲ್ಲಲ್ರಿ? ಸಿಟ್ಟಾಗ್ತಾರ" ಎಂದು ಮೆಲ್ಲಗೆ ಕೇಳಿದರು.

ಅವನು ಒಳಗಿನ ಖಾಟಿನ ಮೇಲೆ ದಿಂಬಿಗೆ ಒರಗಿದ್ದ. ಸಣ್ಣಗಾಗಿದ್ದ. ಕಾಲ ಬಳಿ ಕಂಪ್ಯೂಟರು, ಅದರಲ್ಲಿ ಅದೇ ನಿಂತ ನಕಾಶೆ. ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದ.

"ಯುದ್ಧ ಮುಗದಿಲ್ಲ. ಯಾಕ ಬಂದಿ?"

"ಸಂಧಾನಕ್ಕ ಬಂದೀನಿ. ಸುಲ್ತಾನರು ಮಾತುಕತಿಗೆ ಕಳಿಸಿದ ವಕೀಲ ನಾನು. ವಕೀಲಗ ಬಾಗಲಾ ಹಾಕೂದು ರಾಯರ ದರಬಾರದಾಗ ಪದ್ಧತಿ ಇಲ್ಲ."

ಗೋಡೆಯ ಕಡೆಯಿಂದಲೇ ಕೇಳಿದ: "ಕೈಯಾಗ ಏನೈತಿ? ಕಪ್ಪ?"

"ಕಪ್ಪ ಅಲ್ಲ, ವಕೀಲನ ಬುತ್ತಿ. ದಾರ್‍ಯಾಗ ತಿನ್ನಾಕ ತಂದೆ, ಉಳದೈತಿ."

ಅವನ ಬೆನ್ನು ಅಲುಗಿತು. ನಗುತ್ತಿದ್ದ. ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಟ್ಟೆ. ಸಂಧಾನ ಮಧ್ಯಾಹ್ನವೆಲ್ಲ ನಡೆಯಿತು. ಕುಷ್ಟಗಿಯ ಘಾಟಿನ ಮಾತೂ ಬಂತು, ಕೋಳಿ ಹಿಡಿದುಕೊಂಡವರ ಮಾತೂ ಬಂತು. ಗುಡ್ಡ ಯಾರಿಗೆ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ಅವನಿಗೆ ಬೇಗ ದಣಿವಾಗುತ್ತಿತ್ತು. ಒಂದು ಮಾತಿನ ನಡುವೆಯೇ ನಿದ್ದೆ ಹತ್ತಿತು. ನಾನು ಸ್ವಲ್ಪ ಹೊತ್ತು ಕುಳಿತು, ಬಸ್ಸಿನ ಹೊತ್ತಾಯಿತೆಂದು ಎದ್ದೆ. ಬಾಗಿಲಿನ ಹತ್ತಿರ ಒಂದು ಕ್ಷಣ ನಿಂತೆ, ಹಿಂದಿನಿಂದ ರೈಟ್ ಎಂದು ಕೂಗಬಹುದು ಎಂದು. ಕೂಗಲಿಲ್ಲ.

ಈಗಲೂ ನನ್ನ ಕಂಪ್ಯೂಟರಿನಲ್ಲಿ ಆ ಯುದ್ಧ ಹಾಗೆಯೇ ನಿಂತಿದೆ. ಕುಷ್ಟಗಿಯ ಬಯಲಿನಲ್ಲಿ ನನ್ನ ಮಂದಿ ಉಣ್ಣುವುದೂ ಇಲ್ಲ, ಸಾಯುವುದೂ ಇಲ್ಲ. ವಾರಕ್ಕೊಮ್ಮೆ ವಕೀಲನಾಗಿ ರೊಟ್ಟಿ ಕಟ್ಟಿಕೊಂಡು ಹೋಗಿ ಬರುತ್ತೇನೆ. ಉಳಿದ ದಿನ ಕಿಟಕಿಯ ಗುಡ್ಡ ಕಾಯುತ್ತೇನೆ. ಒಂದು ಗುಂಡಿ ಒತ್ತಿದರೆ ಕಾಲ ಮುಂದೆ ಹೋಗುತ್ತದೆ, ಬೆರಳು ಅಲ್ಲಿಯತನಕ ಹೋಗಿ ಹಿಂದೆ ಬರುತ್ತದೆ. ಹೋಲ್ಡಾನ್ ಅಂದವನು ಕಂಡಕ್ಟರ್. ಅವನು ರೈಟ್ ಅನ್ನುವತನಕ ಡ್ರೈವರ್ ಕದಲಬಾರದು.