ಸ್ವೀಟ್ ಕಾರ್ನ್ ಮುರಿಯುವ ಹೊತ್ತು

ಸ್ವೀಟ್ ಕಾರ್ನ್ ಯಾವಾಗ ಮುರಿಯಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೆನೆಯ ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿರಬೇಕು, ಸಿಪ್ಪೆ ಇನ್ನೂ ಹಸಿರಾಗಿರಬೇಕು, ಕಾಳಿಗೆ ಉಗುರು ಒತ್ತಿದರೆ ಹಾಲು ಚಿಮ್ಮಬೇಕು. ನೀರು ಬಂದರೆ ಎಳಸು, ಹಿಟ್ಟು ಬಂದರೆ ಬಲಿತುಹೋಗಿದೆ. ಇಷ್ಟು ಜಂಬದಿಂದ ಹೇಳುವ ನಾನೇ ಮೊದಲ ಬೆಳೆಯಲ್ಲಿ ಪೆಚ್ಚಾಗಿದ್ದೆ.

ಗಾವಡಗೆರೆಯ ಹತ್ತಿರ ನಮ್ಮ ಹೊಲ. ಮಾವ ಜೀವಮಾನವೆಲ್ಲ ಮುಸುಕಿನ ಜೋಳ ಬೆಳೆದವರು. ಸೊಸೆಯಾದ ನಾನು ಹಟ ಮಾಡಿ, ಸ್ವೀಟ್ ಕಾರ್ನ್ ಹಾಕಲು ಅವರಿಂದ ಅರ್ಧ ಎಕರೆ ಕೇಳಿ ಪಡೆದಿದ್ದೆ. "ಒಂದ್ ಬೆಳೆ ನೋಡಾನ. ಸರಿ ಬರ್ನಿಲ್ಲ ಅಂದ್ರೆ ಮತ್ತೆ ಜೋಳನೇ ಹಾಕಾದು" ಎಂದಿದ್ದರು. ಬೈಲಕುಪ್ಪೆಯಲ್ಲಿ ಬೇಯಿಸಿದ ತೆನೆ ಮಾರುವ ಟಿಬೆಟಿಯನ್ ಅಂಗಡಿಯಾಕೆ, ರುಚಿ ಹಿಡಿಸಿದರೆ ಬೆಳೆಯನ್ನೆಲ್ಲ ತಾನೇ ಕೊಳ್ಳುವುದಾಗಿ ಒಪ್ಪಿದ್ದಳು.

ಆಕೆಗೆ ತೆನೆ ತೋರಿಸುವ ಮುನ್ನಾದಿನ ನಾನು ಹುಣಸೂರಿಗೆ ಹೋಗಿದ್ದೆ. ನನಗೆ ಕೆಲಸ ಕಡಿಮೆಯಾಗಲೆಂದು ಮಾವ ಮಟಮಟ ಮಧ್ಯಾಹ್ನ ಒಂದು ಚೀಲದಷ್ಟು ತೆನೆ ಮುರಿದು, ಜಗಲಿಯಲ್ಲಿ ರಾಶಿ ಹಾಕಿ, ಮೇಲೆ ಗೋಣಿಚೀಲ ಹೊದಿಸಿದ್ದರು. ಒಣಗಿದ ಜೋಳಕ್ಕಾದರೆ ಅದೇ ಸರಿ. ಬೆಳಿಗ್ಗೆ ರಾಶಿಯೊಳಗೆ ಕೈಯಿಟ್ಟರೆ ಬೆಚ್ಚಗಿತ್ತು. ಸಿಟ್ಟು ನೆತ್ತಿಗೇರಿತು, ಅವರ ಮುಖ ನೋಡಿ ನುಂಗಿಕೊಂಡೆ. ನೋಡಲು ಚೆನ್ನಾಗಿಯೇ ಇದೆಯಲ್ಲ ಎಂದು ಅದನ್ನೇ ಒಯ್ದೆ. ಆ ತಪ್ಪು ಮಾತ್ರ ನನ್ನದೇ.

ಅಂಗಡಿಯಾಕೆ ಹಸಿ ತೆನೆಯನ್ನು ಒಮ್ಮೆ ಕಚ್ಚಿ ಕೆಳಗಿಟ್ಟಳು. "ಅಕ್ಕಾ, ಇದ್ರಲ್ಲಿ ಸಿಹಿನೇ ಇಲ್ಲ."

"ನಾಳೆ ಇನ್ನೊಂದ್ಸಲ ತತ್ತೀನಿ ಕಣಮ್ಮ. ತಿಂದ್ ನೋಡು, ಆಮೇಲ್ ಬೇಕಾದ್ರೆ ಬ್ಯಾಡ ಅನ್ನು" ಎಂದು ಹೇಳಿ ಬಂದೆ.

ಮನೆಯಲ್ಲಿ ಮಾವನಿಗೆ ನೇರವಾಗಿಯೇ ಹೇಳಿದೆ. "ಇದು ಮುರುದ್ ಮೇಲೂ ಉಸಿರಾಡ್ತದೆ ಮಾವ. ಬಿಸಿಯಾದ್ರೆ ಸಿಹಿಯೆಲ್ಲ ಹಿಟ್ಟಾಗೋಯ್ತದೆ." ಅವರು ಜಗಲಿಯಲ್ಲಿದ್ದ ಗೋಣಿಚೀಲ ಎತ್ತಿ ಮಡಚತೊಡಗಿದರು. ನಾನು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ನಾನು ಹೊಲಕ್ಕೆ ಹೊರಟರೆ ಮಾವನೂ ಹಿಂದೆಯೇ ಬಂದರು. ಇಬ್ಬನಿಯಲ್ಲಿ ನೆನೆಯುತ್ತ ಇಬ್ಬರೂ ಮುರಿದೆವು. ಸಿಪ್ಪೆ ಸುಲಿಯದೆ, ಒದ್ದೆ ಮಾಡಿದ ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿಕೊಂಡು ಮೊದಲ ಬಸ್ಸು ಹತ್ತಿದೆವು.

ಅಂಗಡಿಯಾಕೆ ಕಚ್ಚಿದಳು. ಮತ್ತೆ ಕಚ್ಚಿದಳು. ತೆನೆ ಪೂರ್ತಿ ಬೋಳಾಗುವವರೆಗೂ ಬಿಡಲಿಲ್ಲ. "ದಿನಾ ಇದೇ ತರ ತನ್ನಿ ಅಕ್ಕಾ. ಬಂದ್ ತಕ್ಷಣ ಫ್ರಿಜ್ಜಲ್ಲಿ ಇಡ್ತೀನಿ" ಎಂದಳು.

ಮಾವ ಚೀಲದಿಂದ ತಾವೂ ಒಂದು ತೆನೆ ತೆಗೆದು, ಸಿಪ್ಪೆ ಸುಲಿದು ಹಸಿಯಾಗಿಯೇ ಕಚ್ಚಿದರು. ನಿಧಾನವಾಗಿ ಅಗಿದು ನುಂಗಿ ನನ್ನ ಕಡೆ ತಿರುಗಿದರು.

"ನಾಳೆ ಎಷ್ಟ್ ಗಂಟೆಗ್ ಬರ್ಬೇಕು ಯೋಳವ್ವ. ನಿನ್ ಹೊಲ, ನೀನ್ ಯೋಳ್ದಂಗೆ."