ಮಳೆಗೆ ನೆಂದ ಹೊಟ್ಟು

ಧರ್ಮಪುರದ ನಮ್ಮ ಹೊಲದಂಚಿನ ಶೆಡ್ಡಿನಲ್ಲಿ ಪೆಲೆಟ್ ಯಂತ್ರ ಕೂರಿಸಿದ ಮೇಲೆ ನನ್ನ ಕಣ್ಣಿಗೆ ಕಂಡದ್ದೆಲ್ಲ ಕಸವೇ. ಶೇಂಗಾ ಸಿಪ್ಪೆ, ಹೊಸದುರ್ಗದಿಂದ ಬರುವ ತೆಂಗಿನ ನಾರಿನ ಪುಡಿ, ಎಲ್ಲವನ್ನೂ ಅರೆದು, ಒತ್ತಿ, ಕಾರ್ಖಾನೆಗಳ ಬಾಯ್ಲರಿಗೆ ಬೆರಳು ಗಾತ್ರದ ಉರುವಲು ಮಾಡುವುದು ಕೆಲಸ. ಸಿಪ್ಪೆ ಸಾಲದೆ ಬಂದಾಗ ಬಣವೆಯ ಮೇಲೆ ಕಣ್ಣು ಬಿತ್ತು. ಕಾಯಿ ಬಿಡಿಸಿದ ಮೇಲೆ ಉಳಿಯುವ ಶೇಂಗಾ ಬಳ್ಳಿ ಅದು. ನಾವು ಹೊಟ್ಟು ಅನ್ನುತ್ತೇವೆ.

ಆ ಹೊಟ್ಟು ಕುರಿ ಕಾಯುವ ಅಜ್ಜನೊಬ್ಬನ ಪಾಲಿನದು. ಅಪ್ಪನ ಕಾಲದಿಂದಲೂ ಪ್ರತಿ ಬೇಸಿಗೆ ಅವನು ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದ. ಗೊಬ್ಬರ ನಮಗೆ, ಹೊಟ್ಟು ಅವನ ಕುರಿಗೆ. ಬರೀ ಬಾಯಿಮಾತು.

ಆ ವರ್ಷ ಬಂದವನು ಯಂತ್ರವನ್ನು ನೋಡುತ್ತ ನಿಂತ.

"ಒಳ್ಳೆ ಹೊಟ್ಟು ಕುರಿಗೆ ಬಿಡಪ್ಪ. ಆ ಕಡೆ ಮಳೆಗೆ ನೆಂದು ಕರ್ರಗಾಗಿರೋ ಬಣವೆ ಐತಲ್ಲ, ಅದನ್ನ ಕುರಿ ಮೂಸೀನೂ ನೋಡಲ್ಲ. ಒಣಗಿಸಿ ನಿನ್ನ ಮಿಷನ್ನಿಗೆ ಹಾಕು. ನಮ್ಮ ಒಲೇಲೂ ಮಳೆ ತೊಳೆದ ಪುಳ್ಳೇನೇ ಚೆನ್ನಾಗಿ ಉರಿಯೋದು."

ನಾನು ನಕ್ಕೆ. ಪೆಲೆಟ್ ಮಾಡುವ ಎರಡು ದಿನದ ತರಬೇತಿಗೇ ನನ್ನ ತಲೆಯ ಮೇಲೆ ಕೊಂಬು ಮೂಡಿತ್ತು. "ಕುರಿ ವಿಷ್ಯ ನೀನು ನೋಡ್ಕ, ಬಾಯ್ಲರ್ ವಿಷ್ಯ ನನಗೆ ಬಿಡು" ಎಂದೆ, ಅದೂ ಕೆಲಸದವರೆದುರಿಗೆ. "ಆತು ಬಿಡಪ್ಪ" ಎಂದು ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಆ ಬೇಸಿಗೆ ನಮ್ಮ ಹೊಲದಲ್ಲಿ ಮಂದೆ ನಿಲ್ಲಲಿಲ್ಲ.

ಒಳ್ಳೆ ಹೊಟ್ಟನ್ನೇ ಯಂತ್ರಕ್ಕೆ ಸುರಿದೆ. ನೋಡಲು ಪೆಲೆಟ್ ಚೆಂದವೇ ಇತ್ತು. ಆದರೆ ಹಿರಿಯೂರಿನ ಕಡೆಯ ಕಾರ್ಖಾನೆಗೆ ಕಳಿಸಿದ ಲೋಡು ವಾಪಸ್ ಬಂತು, ಜೊತೆಗೆ ಬಾಯ್ಲರಿನಿಂದ ಕಿತ್ತ ಬೂದಿಯ ಗಡ್ಡೆ, ಕಲ್ಲಿನಷ್ಟು ಗಟ್ಟಿ. ಹೊಸ ಹೊಟ್ಟಿನಲ್ಲಿ ಉಪ್ಪಿನಂಶ ಜಾಸ್ತಿ, ಬೆಂಕಿಗೆ ಬೂದಿ ಕರಗಿ ಅಂಟಿಕೊಳ್ಳುತ್ತದೆ ಎಂದು ಅಲ್ಲಿನ ಬಾಯ್ಲರ್ ನೋಡಿಕೊಳ್ಳುವವರು ಫೋನಿನಲ್ಲಿ ವಿವರಿಸಿದರು. "ತೊಳೆದು ಒಣಗಿಸ್ರಿ. ಇಲ್ಲಾ, ಒಂದೆರಡು ಮಳೆಗೆ ನೆನೆಯಾಕೆ ಬಿಡ್ರಿ, ಉಪ್ಪು ತೊಳೆದು ಹೋಗ್ತೈತೆ." ನನಗೆ ಇಂಗು ತಿಂದ ಮಂಗನ ಪಾಡು.

ಈಗ ಕೆಟ್ಟ ಬಣವೆಯನ್ನಷ್ಟೇ ಯಂತ್ರಕ್ಕೆ ಹಾಕುತ್ತೇನೆ. ಮುಂದಿನ ವರ್ಷ ಒಳ್ಳೆಯ ಹೊಟ್ಟನ್ನು ಅಜ್ಜನ ಕುರಿಗೆಂದು ಎತ್ತಿಟ್ಟು, ತಪ್ಪಾಯಿತು ಎನ್ನಲು ಅವನ ಮನೆಗೆ ಹೋದೆ. ಕುರಿಹಟ್ಟಿ ಖಾಲಿಯಿತ್ತು.

"ಆ ಬ್ಯಾಸಗೀಲಿ ಮೇವು ಸಿಗಲಿಲ್ಲಪ್ಪ, ಎಲ್ಲಾ ಮಾರಿದೆ" ಎಂದ. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಕುತೂಹಲದಿಂದ ಕೇಳಿದ: "ನೆಂದ ಹೊಟ್ಟು ಹಾಕಿದ್ಯಾ? ಚೆನ್ನಾಗಿ ಉರೀತಾ?"

"ಉರೀತಜ್ಜ" ಎಂದೆ. ಅವನ ಮುಖ ಅರಳಿತು. ನಾನು ಹೇಳಲು ಹೋಗಿದ್ದ ಮಾತನ್ನು ಹೇಳದೆಯೇ ಎದ್ದು ಬಂದೆ.